ಜಜ್ಜಿದ ಕಾರುಗಳ ಸಂತೆಯಲ್ಲಿ ಒಂದು ದಿನ

ದನದ ಸಂತೆಗೆ ಹೋದ ರೈತ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ. ಬೆಲೆಯ ಮಾತು ಬರುವುದು ಕೊನೆಗೆ. ಅದೂ ಟವಲಿನ ಮರೆಯಲ್ಲಿ, ಬೆರಳು ಹಿಡಿದು. ಮೋಟಾರು ಕಾರುಗಳಿಗೂ ಅಂಥದೇ ಒಂದು ಸಂತೆ ಇದೆ ಎಂಬುದು ನನ್ನ ಅನುಭವಕ್ಕೆ ಬಂದದ್ದು 2022ರ ಡಿಸೆಂಬರಿನಲ್ಲಿ. ವ್ಯತ್ಯಾಸ ಇಷ್ಟೇ: ಅಲ್ಲಿ ನಿಂತಿದ್ದವುಗಳಲ್ಲಿ ಒಂದೂ ನಾಲ್ಕು ಹೆಜ್ಜೆ ನಡೆದು ತೋರಿಸುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ಮನೆಗೆ ಕಾರು ಬೇಕಾದದ್ದು ಶೋಕಿಗಲ್ಲ. ನನ್ನ ತಾಯಿಗೆ ಎಂಬತ್ತೆರಡು ವರ್ಷ. ತಿಂಗಳಿಗೆ ಎರಡು ಬಾರಿ ಚಿಂತಾಮಣಿಯಿಂದ ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಅವರ ಮಂಡಿಗೆ ಎಟುಕುವುದಿಲ್ಲ. ಬಾಡಿಗೆ ಕಾರು ನನ್ನ ಸಂಬಳಕ್ಕೆ ಎಟುಕುವುದಿಲ್ಲ. ಹೊಸ ಕಾರಿನ ಬೆಲೆ ಕೇಳಿ ಸುಮ್ಮನಾಗಿದ್ದ ನನಗೆ ಹೊಸಕೋಟೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಹಳೆಯ ಶಿಷ್ಯನೊಬ್ಬ ಫೋನು ಮಾಡಿ, "ಸಾರ್, ಇನ್ಶೂರೆನ್ಸ್‌ನವರು ಅಪಘಾತದ ಗಾಡಿಗಳನ್ನು ಹರಾಜು ಹಾಕುತ್ತಾರೆ. ನನ್ನ ಹೆಸರಿನಲ್ಲಿ ಠೇವಣಿ ಇದೆ, ಒಂದು ದಿನ ಬನ್ನಿ" ಎಂದ. ದ್ವಿತೀಯ ಪಿಯುಸಿ ಓದುತ್ತಿದ್ದ ಮಗ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದ.

ಚಿಂತಾಮಣಿಯಿಂದ ಹೊಸಕೋಟೆಗೆ ಸುಮಾರು ಐವತ್ತು ಕಿಲೋಮೀಟರು. ಬೆಳಗಿನ ಬಸ್ಸು ಕೈವಾರ ಕ್ರಾಸ್ ದಾಟುವಾಗ ಹೊಲಗಳ ಮೇಲೆ ಇನ್ನೂ ಮಂಜಿತ್ತು. ಅವರೆಕಾಯಿಯ ಕಾಲ, ಎಚ್. ಕ್ರಾಸಿನಲ್ಲಿ ಮೂಟೆಗಳು ರಸ್ತೆಯ ಅಂಚಿಗೇ ಬಂದು ಕುಳಿತಿದ್ದವು. ಮುಂದೆ ಹೋದಂತೆ ಅಲ್ಲಲ್ಲಿ ರೈತರು ಟಾರು ರಸ್ತೆಯ ಮೇಲೆಯೇ ರಾಗಿತೆನೆಯನ್ನೂ ಹುರುಳಿಬಳ್ಳಿಯನ್ನೂ ಹರವಿದ್ದರು. ಕಣ ಮಾಡುವ ಶ್ರಮ ತಪ್ಪಿತು, ಹೋಗಿ ಬರುವ ವಾಹನಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ ಎಂಬ ಲೆಕ್ಕ. ಆದರೆ ಒಣಗಿದ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಬಿಸಿಗೆ ಕಿಡಿ ಹತ್ತಿ, ಕಾರುಗಳು ಉರಿದುಹೋದದ್ದು ನಮ್ಮ ಸೀಮೆಯಲ್ಲಿ ಉಂಟು. ಅಂಥ ಒಂದು ಕರಕಲು ಕಾರನ್ನು ಅದೇ ದಿನ ನೋಡಲಿದ್ದೇವೆಂದು ಆಗ ನನಗೆ ತಿಳಿದಿರಲಿಲ್ಲ.

ನೀಲಗಿರಿ ತೋಪಿನ ಹಿಂದೆ

ಊರಿನ ಹೊರಗೆ, ನೀಲಗಿರಿ ತೋಪೊಂದರ ಹಿಂದೆ, ತಗಡಿನ ಬೇಲಿ ಹಾಕಿದ ಐದಾರು ಎಕರೆ ಬಯಲು. ಬಾಗಿಲಿನಲ್ಲಿ ಹೆಸರು ಬರೆಸಿ ಒಳಗೆ ಕಾಲಿಟ್ಟರೆ ಕಾರುಗಳೇ ಕಾರುಗಳು. ಬೆಂಗಳೂರಿನ ನಂಬರಿನವು, ಕೋಲಾರದವು, ಗಡಿಯಾಚೆಯ ತಮಿಳುನಾಡು, ಆಂಧ್ರದವು. ಒಂದೊಂದರ ಗಾಜಿನ ಮೇಲೂ ಬಿಳಿಯ ಬಣ್ಣದಲ್ಲಿ ಸಂಖ್ಯೆ. ಕೆಲವಕ್ಕೆ ಮೂತಿಯಿಲ್ಲ, ಕೆಲವಕ್ಕೆ ಬೆನ್ನಿಲ್ಲ. ಒಂದು ಕಾರಿನ ಎಂಜಿನ್ನಿನ ಸಂದಿಯಿಂದ ಹುಲ್ಲು ಮೇಲೆದ್ದು ಬಂದಿತ್ತು. ಮುಂದೆ ಗಣಪತಿಯ ಪುಟ್ಟ ವಿಗ್ರಹ, ಬಂಪರಿಗೆ ಕಟ್ಟಿದ ಒಣಗಿದ ನಿಂಬೆಹಣ್ಣು ಮೆಣಸಿನಕಾಯಿ, ಹಿಂದಿನ ಸೀಟಿನ ಮೇಲೆ ಮಗುವಿನ ಒಂದು ಕಾಲಿನ ಬೂಟು. ಎಲ್ಲವೂ ಇದ್ದಲ್ಲೇ ಇದ್ದವು. ಮಗನ ಮಾತು ತಾನಾಗಿ ತಗ್ಗಿತು.

ಇಷ್ಟು ಕಾರುಗಳು ಇಲ್ಲಿಗೆ ಹೇಗೆ ಬಂದವು? ವಿಮೆ ಮಾಡಿಸುವಾಗ ಕಾರಿಗೆ ಒಂದು ಘೋಷಿತ ಮೌಲ್ಯ ಬರೆದಿರುತ್ತಾರೆ, ಅದನ್ನು ಐ.ಡಿ.ವಿ. ಎನ್ನುತ್ತಾರೆ. ವಯಸ್ಸಾದಂತೆ ಅದು ಇಳಿಯುತ್ತದೆ. ನಮ್ಮ ದೇಶದ ಮೋಟಾರು ಸುಂಕಪಟ್ಟಿಯ ಪ್ರಕಾರ ಎರಡರಿಂದ ಮೂರು ವರ್ಷದ ಕಾರಿಗೆ ಶೇಕಡಾ 30ರಷ್ಟು, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇಕಡಾ 50ರಷ್ಟು ಸವಕಳಿ. ರಿಪೇರಿಯ ಖರ್ಚು ಈ ಮೌಲ್ಯದ ಶೇಕಡಾ 75ನ್ನು ಮೀರಿದರೆ ಆ ಕಾರನ್ನು ‘ಪೂರ್ಣ ನಷ್ಟ’ ಎಂದು ಎಣಿಸಿ, ಮಾಲೀಕನಿಗೆ ಹಣ ಕೊಟ್ಟು ಅವಶೇಷವನ್ನು ಮಾರುತ್ತಾರೆ. ನಾಲ್ಕು ಲಕ್ಷ ಮೌಲ್ಯದ ಕಾರಿಗೆ ಮೂರು ಲಕ್ಷಕ್ಕಿಂತ ಹೆಚ್ಚು ಖರ್ಚು ಬಂದರೆ ಅದರ ಕಥೆ ಮುಗಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಪೂರ್ಣ ನಷ್ಟ’ ಎಂದರೆ ಕಾರು ಸರಿಹೋಗುವುದೇ ಇಲ್ಲ ಎಂದಲ್ಲ. ಸರಿಮಾಡುವುದು ಲೆಕ್ಕಕ್ಕೆ ಹೊಂದುವುದಿಲ್ಲ ಎಂದು ಮಾತ್ರ. ಹಳೆಯ ಕಾರಿಗೆ ನಾಲ್ಕು ಬಾಗಿಲು, ಒಂದು ಏರ್‌ಬ್ಯಾಗು ಬದಲಿಸಬೇಕಾಗಿ ಬಂದರೂ ಅದು ಈ ಬಯಲಿಗೆ ಬರಬಹುದು. ಬೆನ್ನೆಲುಬೇ ಮುರಿದದ್ದೂ ಇಲ್ಲಿಗೇ ಬರುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿರುತ್ತಾರೆ. ಯಾವುದು ಯಾವುದು ಎಂದು ತಿಳಿಯುವ ಹೊಣೆ ಕೊಳ್ಳುವವನದು. ಹರಾಜಿನ ಷರತ್ತಿನ ಮೊದಲ ಸಾಲೇ ‘ಇದ್ದಲ್ಲಿ, ಇದ್ದಂತೆ’. ಕೊಂಡ ಮೇಲೆ ದೂರುವಂತಿಲ್ಲ.

ಗೀರು ಕೂಡ ಇಲ್ಲದ ಕಾರು

ಮಗನ ಕಣ್ಣು ಬಿದ್ದದ್ದು ಒಂದು ಬೆಳ್ಳಿ ಬಣ್ಣದ ಕಾರಿನ ಮೇಲೆ. ಸುತ್ತಲಿನ ಕುಂಟ ಕುರುಡರ ನಡುವೆ ಅದು ಮದುಮಗನಂತೆ ನಿಂತಿತ್ತು. ಒಂದು ಗೀರಿಲ್ಲ, ಗಾಜು ಒಡೆದಿಲ್ಲ, ಸೀಟುಗಳು ಸ್ವಚ್ಛ. ಪಟ್ಟಿಯಲ್ಲಿ ಹಾನಿಯ ಕಾಲಂನಲ್ಲಿ ಒಂದೇ ಪದ: ‘ಇತರೆ’. "ಅಪ್ಪಾ, ಇದೇ ಸಾಕು" ಎಂದ ಮಗ. ಸತ್ಯ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಮೂವತ್ತು ವರ್ಷ ‘ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ’ ಎಂದು ಕರಿಹಲಗೆಯ ಮೇಲೆ ಬರೆದವನು ವೀಕ್ಷಣೆಯನ್ನು ಬಿಟ್ಟು ನೇರ ತೀರ್ಮಾನಕ್ಕೆ ಹಾರಿದ್ದೆ.

ಶಿಷ್ಯ ಏನೂ ಮಾತನಾಡಲಿಲ್ಲ. ಬಾಗಿಲು ತೆಗೆದು ಒಳಗೆ ಬಗ್ಗಿ ಮೂಗಿನಿಂದ ಉಸಿರೆಳೆದ. "ಸಾರ್, ನೀವೂ ನೋಡಿ." ಸೆಂಟಿನ ಘಮ. ಅದರ ಅಡಿಯಲ್ಲಿ, ಮಳೆಗಾಲದಲ್ಲಿ ಒದ್ದೆ ಗೋಣಿಚೀಲದಿಂದ ಬರುವಂಥ ಮುಗ್ಗಲು. ಆಮೇಲೆ ಸೀಟ್‌ಬೆಲ್ಟನ್ನು ಹಿಡಿದು ಕೊನೆಯವರೆಗೂ ಎಳೆದ. ಮೇಲಿನ ಭಾಗ ಕಪ್ಪಗೆ ಚೊಕ್ಕಟವಾಗಿತ್ತು. ಯಾರೂ ಎಳೆಯದ ಕೊನೆಯ ಮೊಳದಲ್ಲಿ ಕೆಸರಿನ ಕಂದು ಗೆರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರ ಎತ್ತಿದರೆ ಗುಂಡಿಯ ತಳದಲ್ಲಿ ಗೋಡು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಬತ್ತಿದ ಕೆರೆಯಂಗಳದಂತೆ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು. ಮುಂದಿನ ಗಾಜಿನ ಮೂಲೆಯಲ್ಲಿ ಬೆಂಗಳೂರಿನ ಒಂದು ವಸತಿ ಸಮುಚ್ಚಯದ ವಾಹನ ನಿಲುಗಡೆಯ ಚೀಟಿ ಅರ್ಧ ಕಿತ್ತು ಉಳಿದಿತ್ತು.

ಓದುಗರಿಗೆ ನೆನಪಿರಬಹುದು. ಅದೇ 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ನೀರಿನಲ್ಲಿ ಮುಳುಗಿ, ಸಾಫ್ಟ್‌ವೇರ್ ನೌಕರರು ಟ್ರಾಕ್ಟರುಗಳಲ್ಲಿ ಕಚೇರಿಗೆ ಹೋದರು. ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರುಗಳು ಅಲ್ಲೇ ಮುಳುಗಿದವು. ಆ ಪ್ರವಾಹದ ನೀರು ಇಳಿದು ಹೋಯಿತು. ಅದು ಮುಟ್ಟಿದ ಕಾರುಗಳು ಹೀಗೆ ನಮ್ಮ ಕಡೆಗೆ ಹರಿದು ಬಂದವು.

ನೀರು ಕಾರಿಗೆ ಮಾಡುವ ಹಾನಿ ಎರಡು ಬಗೆಯದು. ಮೊದಲನೆಯದು ಎಂಜಿನ್ನಿಗೆ. ಪೆಟ್ರೋಲ್ ಎಂಜಿನ್ನಿನ ಕೊಂತ ಮೇಲೇರುವಾಗ ಒಳಗಿನ ಗಾಳಿಯನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಅದುಮುತ್ತದೆ. ಗಾಳಿ ಅದುಮಿಸಿಕೊಳ್ಳುತ್ತದೆ, ನೀರು ಅದುಮಿಸಿಕೊಳ್ಳುವುದಿಲ್ಲ. ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು: ಸೂಜಿಯಿಲ್ಲದ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಗಾಳಿ ತುಂಬಿದ್ದರೆ ಕೊಂತ ಒಳಗೆ ಹೋಗುತ್ತದೆ. ನೀರು ತುಂಬಿದ್ದರೆ ಬೆರಳು ನೋಯುತ್ತದೆಯೇ ಹೊರತು ಕೊಂತ ಅಲುಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಯಾರಾದರೂ ಕೀಲಿ ತಿರುಗಿಸಿದರೆ ಕೊಂತವನ್ನು ದೂಡುವ ಉಕ್ಕಿನ ದಂಡವೇ ಬಾಗುತ್ತದೆ. ಆದ್ದರಿಂದ ನೀರಿನಲ್ಲಿ ನಿಂತ ಕಾರನ್ನು ‘ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವುದೇ ದೊಡ್ಡ ತಪ್ಪು. ಶಿಷ್ಯ ಎಣ್ಣೆ ಅಳೆಯುವ ಕಡ್ಡಿ ಹೊರತೆಗೆದ. ಎಣ್ಣೆ ಕಪ್ಪಗೋ ಹೊನ್ನಿನ ಬಣ್ಣಕ್ಕೋ ಇರಬೇಕಿತ್ತು. ಹಾಲು ಹೆಚ್ಚಾದ ಕಾಫಿಯಂತಿತ್ತು. ಎಣ್ಣೆಯಲ್ಲಿ ನೀರು ಕಡೆದುಕೊಂಡ ಗುರುತು.

ಎರಡನೆಯ ಹಾನಿ ನಿಧಾನದ್ದು. ಇಂದಿನ ಕಾರಿನಲ್ಲಿ ಮೈತುಂಬ ತಂತಿಗಳು, ಸಣ್ಣ ಸಣ್ಣ ಕಂಪ್ಯೂಟರು ಪೆಟ್ಟಿಗೆಗಳು. ಬ್ಯಾಟರಿಯ 12 ವೋಲ್ಟ್ ಇರುವಾಗಲೇ ಕೊಳಚೆ ನೀರು ಒಳಗೆ ಬಂದರೆ ಅಲ್ಲಿ ನಡೆಯುವುದು ನಮ್ಮ ಪಾಠದ ವಿದ್ಯುದ್ವಿಭಜನೆ. ಧನಾಗ್ರದ ತಾಮ್ರ ಕರಗುತ್ತಾ ಹೋಗುತ್ತದೆ, ಸಂದಿಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ತೊಳೆದು ಒಣಗಿಸಿದರೆ ಕಾರು ಓಡಲೂಬಹುದು; ಆರು ತಿಂಗಳ ನಂತರ ಒಂದು ದಿನ ದೀಪ ಆರುತ್ತದೆ, ಇನ್ನೊಂದು ದಿನ ಕಿಟಕಿ ಏರುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದನ್ನು ಶಿಷ್ಯ ಕೊನೆಗೆ ತೋರಿಸಿದ. ಗೇರ್ ಕಡ್ಡಿಯ ಆಸುಪಾಸಿನಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಒಂದು ಪೆಟ್ಟಿಗೆ. "ಏರ್‌ಬ್ಯಾಗಿನ ಮೆದುಳು ಸಾಮಾನ್ಯವಾಗಿ ಇಲ್ಲೇ ಇರುತ್ತೆ ಸಾರ್. ನೀರು ಬಂದರೆ ಮೊದಲು ಮುಳುಗೋದು ಇದೇ." ಗೀರಿಲ್ಲದ ಕಾರಿನಲ್ಲಿ ಪ್ರಾಣ ಉಳಿಸಬೇಕಾದ ಅಂಗವೇ ಎಲ್ಲಕ್ಕಿಂತ ಮೊದಲು ಕೆಟ್ಟಿರಬಹುದು ಎಂದಾಯಿತು. ಅಲ್ಲಿ ಕೂರಬೇಕಾಗಿದ್ದವರು ನನ್ನ ತಾಯಿ ಮತ್ತು ಮಗ.

ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾರಿನ ಮಾಲೀಕತ್ವದ ಪತ್ರದ ಮೇಲೆಯೇ ‘ಪ್ರವಾಹಕ್ಕೆ ಸಿಕ್ಕಿದ್ದು’, ‘ಅವಶೇಷ’, ‘ಮತ್ತೆ ಕಟ್ಟಿದ್ದು’ ಎಂದು ಮುದ್ರೆ ಒತ್ತುವ ಪದ್ಧತಿಯಿದೆ. ನಮ್ಮ ಆರ್.ಸಿ.ಯಲ್ಲಿ ಅಂಥ ಕಾಲಂ ಇಲ್ಲ. ಎರಡು ಕೈ ಬದಲಾದ ಮೇಲೆ ಆ ಬೆಳ್ಳಿ ಕಾರಿನ ಚರಿತ್ರೆ ಹೇಳಲು ಸೀಟ್‌ಬೆಲ್ಟಿನ ಕೊನೆಯ ಮೊಳವೊಂದೇ ಉಳಿದಿರುತ್ತದೆ.

ಒಡೆದ ಕಾರಿನ ಸಾಕ್ಷ್ಯ

ಅಲ್ಲಿಂದ ಹತ್ತು ಹೆಜ್ಜೆಗೆ ಕರಕಲು ಕಾರು. ಅದರ ಹಿಂದಿನ ಅಚ್ಚಿಗೆ ಇನ್ನೂ ಸುಟ್ಟ ಬಳ್ಳಿಯ ನಾರು ಸುತ್ತಿಕೊಂಡಿತ್ತು. ಬೆಳಗ್ಗೆ ಬಸ್ಸಿನಿಂದ ಕಂಡ ಹುರುಳಿಕಣ ನೆನಪಾಯಿತು. ಅದರಾಚೆ, ಮೂತಿ ಪೂರ್ತಿ ಜಜ್ಜಿದ ಒಂದು ಕೆಂಪು ಕಾರು. ಎರಡೂ ಏರ್‌ಬ್ಯಾಗುಗಳು ಬಿಚ್ಚಿ, ಗಾಳಿ ಇಳಿದ ಬಿಳಿಯ ಚೀಲಗಳು ಜೋತಿದ್ದವು. ಮಗ ಮುಖ ತಿರುಗಿಸಿದ. ಆದರೆ ಆ ದಿನದ ದೊಡ್ಡ ಪಾಠ ನಮಗೆ ಸಿಕ್ಕಿದ್ದು ಅದರಲ್ಲೇ.

ಮೂತಿ ಜಜ್ಜಿಹೋಗುವುದು ಕಾರಿನ ದೌರ್ಬಲ್ಯವಲ್ಲ, ಅದರ ಕೆಲಸ. ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ 54 ಕಿಲೋಮೀಟರು ವೇಗದಲ್ಲಿ, ಎಂದರೆ ಸೆಕೆಂಡಿಗೆ 15 ಮೀಟರು ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಅದರ ಚಲನ ಶಕ್ತಿ 1,12,500 ಜೌಲು. ಹನ್ನೊಂದೂವರೆ ಮೀಟರು ಎತ್ತರದಿಂದ, ಹೆಚ್ಚುಕಡಿಮೆ ನಾಲ್ಕು ಮಹಡಿಯ ಮೇಲಿಂದ ಬಿದ್ದಷ್ಟು. ಡಿಕ್ಕಿಯಾದಾಗ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ತಗಡು ಮಡಿಸಲು ಖರ್ಚಾದರೆ ಒಳಗಿನವರ ಎಲುಬು ಮುರಿಯಲು ಕಡಿಮೆ ಉಳಿಯುತ್ತದೆ. ಮುಂಭಾಗ ಅರವತ್ತು ಸೆಂಟಿಮೀಟರು ಕುಗ್ಗುತ್ತಾ ಕಾರು ನಿಂತರೆ ಮೈಮೇಲಿನ ಸರಾಸರಿ ಬಲ, ಆರು ಸೆಂಟಿಮೀಟರಿನಲ್ಲಿ ನಿಂತಾಗಿನ ಬಲದ ಹತ್ತನೇ ಒಂದು ಭಾಗ. ಮೃದುವಾದ ಮೂತಿ, ಗಟ್ಟಿಯಾದ ನಡುಗೂಡು ಎಂಬ ಈ ವಿಚಾರಕ್ಕೆ ಮರ್ಸಿಡಿಸ್-ಬೆಂಜ್ ಸಂಸ್ಥೆಯ ಎಂಜಿನಿಯರ್ ಬೇಲಾ ಬರೇನಿ ಅವರಿಗೆ 1952ರಲ್ಲಿ ಪೇಟೆಂಟು ಸಿಕ್ಕಿತು. 1959ರಲ್ಲಿ ಆ ಸಂಸ್ಥೆಯ ಕಾರಿನಲ್ಲಿ ಅದು ಬಳಕೆಗೆ ಬಂತು. ‘ಹಳೆಯ ಕಾಲದ ಗಾಡಿ ಉಕ್ಕಿನಂತಿತ್ತು, ಈಗಿನವು ಡಬ್ಬ’ ಎನ್ನುವ ಹಿರಿಯರು ಇದನ್ನು ಗಮನಿಸಬೇಕು.

ಶಿಷ್ಯ ಚಾಲಕನ ಬೆಲ್ಟು ಎಳೆದ. ಅದು ಅರ್ಧ ಹೊರಬಂದು ಬಿಗಿದು ನಿಂತಿತ್ತು. ಒಳಗೂ ಹೋಗದು, ಹೊರಗೂ ಬಾರದು. ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಹಿಂದಕ್ಕೆಳೆದು ಬಿಗಿಯುವ ಸಣ್ಣ ಸಿಡಿಮದ್ದಿನ ಯಂತ್ರ ತನ್ನ ಕೆಲಸ ಮಾಡಿ ಮುಗಿಸಿತ್ತು. ಬೆಲ್ಟಿನ ಮೇಲೆ, ಭುಜದ ಬಳಿ ಅದು ಹಾದುಬರುವ ಬಳೆಗೆ ಉಜ್ಜಿ ಕರಗಿದಂಥ ಹೊಳಪಿನ ಗುರುತು. ಎಂದರೆ ಚಾಲಕ ಬೆಲ್ಟು ಹಾಕಿದ್ದ, ಅದು ಅವನ ಭಾರವನ್ನು ಹಿಡಿದಿತ್ತು. ಅವನ ಮುಂದಿನ ಗಾಜು ಬಿರುಕಿತ್ತಷ್ಟೆ.

ಎಡಗಡೆಯ ಸೀಟಿನ ಬೆಲ್ಟು ಕಂಬಕ್ಕೆ ಒರಗಿ ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ಕೆಳಗಿನ ಕೊಂಡಿಯಲ್ಲಿ ಬೆಲ್ಟಿಲ್ಲದ ಬರೀ ಲೋಹದ ನಾಲಿಗೆ. ಎಚ್ಚರಿಕೆಯ ಸದ್ದು ಬಾರದಿರಲೆಂದು ಕಾರಿಗೆ ಸುಳ್ಳು ಹೇಳಲು ಪೇಟೆಯಲ್ಲಿ ಸಿಗುವ ವಸ್ತು. ಅದಕ್ಕೆ ನೇರವಾಗಿ ಎದುರು, ಗಾಜಿನ ಮೇಲೆ ಜೇಡರಬಲೆಯಂತೆ ಒಂದು ವೃತ್ತ, ಹೊರಗಡೆಗೆ ಉಬ್ಬಿಕೊಂಡು. ಮಗ ಬೆಲ್ಟನ್ನು ನೋಡಿದ, ನಾಲಿಗೆಯನ್ನು ನೋಡಿದ, ಗಾಜನ್ನು ನೋಡಿದ. ಯಾರೂ ವಿವರಿಸಬೇಕಾಗಲಿಲ್ಲ.

ಮುಂದಿನ ಗಾಜು ಚೂರಾಗಿ ಉದುರದೆ ಹೀಗೆ ಬಲೆಯಂತೆ ನಿಲ್ಲಲು ಕಾರಣ ಎರಡು ಗಾಜುಗಳ ನಡುವಿನ ಪ್ಲಾಸ್ಟಿಕ್ ಪದರ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ಟಸ್ ಎಂಬ ರಸಾಯನ ವಿಜ್ಞಾನಿಯ ಕೈಯಿಂದ ಗಾಜಿನ ಹೂಜಿ ಕೆಳಗೆ ಬಿದ್ದು, ಒಳಗೆ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯಿಂದಾಗಿ ಬಿರುಕು ಬಿಟ್ಟರೂ ಚದುರದೆ ಉಳಿಯಿತಂತೆ. ಮೂರು ಬಿಂದುವಿನ ಸೀಟ್‌ಬೆಲ್ಟು 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಅವರಿಂದ ಬಂತು. ಪೇಟೆಂಟನ್ನು ಆ ಸಂಸ್ಥೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗು ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಇಷ್ಟೆಲ್ಲ ಜನ ತಲೆ ಕೆಡಿಸಿಕೊಂಡು ಕೊಟ್ಟದ್ದನ್ನು ಒಂದು ಲೋಹದ ತುಂಡು ನಿರರ್ಥಕ ಮಾಡಿತ್ತು. ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ: ಸಹೋದ್ಯೋಗಿಯ ಕಾರಿನಲ್ಲಿ ಶಾಲೆಗೆ ಹೋಗುವಾಗ ನಾನು ಬೆಲ್ಟು ಎಳೆದುಕೊಳ್ಳುತ್ತಿದ್ದದ್ದು ಪೊಲೀಸರು ನಿಲ್ಲುವ ವೃತ್ತ ಬಂದಾಗ ಮಾತ್ರ.

ದಾರದ ಪರೀಕ್ಷೆ

ಕೆಂಪು ಕಾರನ್ನು ಕೊಳ್ಳಬಹುದೇ ಎಂಬುದಕ್ಕೆ ಶಿಷ್ಯ ಜೇಬಿನಿಂದ ಒಂದು ಉಂಡೆ ದಾರ ತೆಗೆದ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ದಾರ ಹಿಡಿದು ಗಂಟು ಹಾಕಿದ. ಬಲಗಡೆಗೆ ಹೋಗಿ ಅದೇ ಅಳತೆ ಹಿಡಿದರೆ ಗಂಟು ಎರಡು ಬೆರಳಿನಷ್ಟು ಈಚೆಗೇ ಉಳಿಯಿತು. "ಎಡಗಡೆ ಚಕ್ರ ಹಿಂದೆ ಸರಿದಿದೆ. ಇದರ ಮೂತಿ ಮಾತ್ರ ಅಲ್ಲ, ಒಳಗಿನ ತೊಲೆಯೂ ಹೋಗಿದೆ" ಎಂದ. ಆಯತದ ಕರ್ಣಗಳು ಸಮ ಎಂದು ಒಂಬತ್ತನೆಯ ತರಗತಿಯಲ್ಲಿ ಸಾಧಿಸುತ್ತೇವಲ್ಲ, ಎಂಜಿನ್ನಿನ ಕೋಣೆಯಲ್ಲಿ ಅದನ್ನೂ ಪರೀಕ್ಷಿಸಿದ: ಎಡಗಡೆಯ ಮುಂದಿನ ಮೂಲೆಯಿಂದ ಬಲಗಡೆಯ ಹಿಂದಿನ ಮೂಲೆಗೆ ಒಂದು ದಾರ, ಅದಕ್ಕೆ ಅಡ್ಡಲಾಗಿ ಇನ್ನೊಂದು. ಎರಡೂ ಸಮವಿರಲಿಲ್ಲ. ಈ ಶಿಷ್ಯನಿಗೆ ಹತ್ತನೆಯ ತರಗತಿಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಪಾಸಾಗುವಷ್ಟು ಮಾತ್ರ ಅಂಕ ಬಂದಿತ್ತು. ಉತ್ತರಪತ್ರಿಕೆ ತಿದ್ದಿ ಅಂಕ ಕೊಟ್ಟವನು ನಾನು. ಅವನಿಗೆ ಏನು ಬರುತ್ತದೆ ಎಂದು ಆ ಅಂಕ ಹೇಳಿರಲಿಲ್ಲ.

ಆ ಬಯಲಿನಲ್ಲಿ ಅವನಿಂದ ಕಲಿತ ಉಳಿದ ಪಾಠಗಳನ್ನು ಇಲ್ಲಿ ಬರೆಯುತ್ತೇನೆ. ಹಳೆಯ ಕಾರು ಕೊಳ್ಳುವ ಯಾರಿಗಾದರೂ ಇವು ಉಪಯೋಗಕ್ಕೆ ಬಂದಾವು.

ಬಾಗಿಲು, ಬಾನೆಟ್ಟು, ಡಿಕ್ಕಿಗಳ ಸುತ್ತಲಿನ ಸಂದು ಎರಡೂ ಬದಿಯಲ್ಲಿ ಸಮವಾಗಿದೆಯೇ ನೋಡಬೇಕು. ರಬ್ಬರಿನ ಅಂಚಿನ ಮೇಲೆ ಬಣ್ಣದ ಹನಿ ಸಿಡಿದಿದ್ದರೆ, ಬೋಲ್ಟಿನ ತಲೆಯ ಬಣ್ಣ ಸೀಳಿದ್ದರೆ ಆ ಭಾಗ ಒಮ್ಮೆ ಬಿಚ್ಚಿ ಸೇರಿದ್ದು. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಉಕ್ಕಿನ ಮೈಮೇಲೆ ಸರಿಸುತ್ತಾ ಹೋದರೆ ದಪ್ಪಗೆ ಪಟ್ಟಿ ಮೆತ್ತಿದ ಜಾಗದಲ್ಲಿ ಅದು ಅಂಟುವುದಿಲ್ಲ. ಬಂಪರು ಹೇಗೂ ಪ್ಲಾಸ್ಟಿಕ್ಕು, ಅಲ್ಲಿ ಈ ಪ್ರಯೋಗ ಬೇಡ. ಕಿಟಕಿ ಗಾಜುಗಳ ಮೂಲೆಯ ತಯಾರಕರ ಗುರುತನ್ನು ಒಂದಕ್ಕೊಂದು ಹೋಲಿಸಿದರೆ ಯಾವುದು ಬದಲಾಗಿದೆ ಎಂದು ತಿಳಿಯುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ‘2317’ ಎಂದಿದ್ದರೆ 2017ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತಲೇ ಇಲ್ಲವಾದರೆ ಯಾರೋ ದೀಪವನ್ನೇ ಕಿತ್ತು ದೋಷ ಮುಚ್ಚಿದ್ದಾರೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಮೀಟರು ಮೂವತ್ತು ಸಾವಿರ ಕಿಲೋಮೀಟರು ಎಂದು ತೋರಿಸುತ್ತಾ, ಕಾಲಿನ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ನಂಬಬೇಕಾದದ್ದು ರಬ್ಬರನ್ನು.

ಕಾಗದಪತ್ರದ ಪರೀಕ್ಷೆಯೂ ಅಷ್ಟೇ ಮುಖ್ಯ. ಕಾರಿನ ಚಾಸಿಸ್ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆಯುತ್ತಾರಲ್ಲ, ಹಾಗೇ ಈ ಸಂಖ್ಯೆಯ ಅಚ್ಚು ತೆಗೆದು ಆರ್.ಸಿ.ಯೊಂದಿಗೆ ಹೋಲಿಸುತ್ತಾರೆ. ಪೂರ್ಣ ನಷ್ಟವಾದ ಕಾರಿನ ಕಾಗದ ಮತ್ತು ಸಂಖ್ಯೆಯನ್ನು ಕದ್ದ ಕಾರಿಗೆ ತೊಡಿಸಿ ಮಾರುವ ವಂಚನೆ ದೇಶದಲ್ಲಿ ನಡೆದಿರುವುದರಿಂದ ಅಕ್ಷರಗಳು ತಿದ್ದಿದಂತೆ, ಸುತ್ತಲಿನ ತಗಡು ಬೆಸೆದಂತೆ ಕಂಡರೆ ಅಲ್ಲಿಂದ ಹೊರಡುವುದು ಲೇಸು. 1988ರ ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ನಾಶವಾದ ಅಥವಾ ಶಾಶ್ವತವಾಗಿ ಬಳಕೆಗೆ ಬಾರದ ವಾಹನದ ವಿಷಯವನ್ನು ಮಾಲೀಕ 14 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ನೋಂದಣಿ ರದ್ದಾಗಬೇಕು. ಹರಾಜಿನ ಕಾರಿನ ನೋಂದಣಿ ಜೀವಂತವಿದೆಯೇ, ಸಾಲದ ನಮೂದು ತೀರಿದೆಯೇ, ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಸಿಗುತ್ತದೆಯೇ ಎಂಬುದನ್ನು ಕೂಗುವ ಮೊದಲೇ ಕೇಳಬೇಕು. ಇಲ್ಲವಾದರೆ ಕೊಂಡದ್ದು ಕಾರಲ್ಲ, ಕಾರಿನ ಆಕಾರದ ಗುಜರಿ.

ಮೂರು ಗಂಟೆಯ ಕೂಗು

ಕೊನೆಗೆ ನಾವು ಆರಿಸಿದ್ದು ಯಾರೂ ತಿರುಗಿ ನೋಡದಿದ್ದ 2017ರ ಒಂದು ನೀಲಿ ಕಾರು. ಎಡಗಡೆಯ ಎರಡು ಬಾಗಿಲೂ ಒಳಕ್ಕೆ ಹೋಗಿ, ನೋಡಲು ವಿಕಾರವಾಗಿತ್ತು. ಆದರೆ ಬಾಗಿಲುಗಳ ನಡುವಿನ ಕಂಬ ನೆಟ್ಟಗಿತ್ತು. ದಾರದ ಗಂಟು ಎರಡೂ ಬದಿಗೆ ಒಂದೇ ಕಡೆ ಬಂತು. ಎಣ್ಣೆ ಸ್ವಚ್ಛ, ಬೆಲ್ಟಿನ ತುದಿ ಸ್ವಚ್ಛ. ಬಾಗಿಲು ಬೋಲ್ಟಿನಿಂದ ಕೂರುವಂಥದು, ಬದಲಿಸಬಹುದು. ಕಂಬ ಮತ್ತು ತೊಲೆ ಬೆಸುಗೆಯಿಂದ ಕೂರುವಂಥವು, ಕೆಟ್ಟರೆ ಕೆಟ್ಟಂತೆ.

ನೀಲಗಿರಿಯ ನೆರಳಿನ ಚಹದಂಗಡಿಯಲ್ಲಿ ಕುಳಿತು ಲೆಕ್ಕ ಹಾಕಿದೆವು. ಅದೇ ವಯಸ್ಸಿನ ಒಳ್ಳೆಯ ಕಾರಿಗೆ ಪೇಟೆಯಲ್ಲಿ 3,20,000 ರೂಪಾಯಿ. ಬಾಗಿಲು, ಬಣ್ಣ, ಕೂಲಿ 1,10,000. ಎಳೆದೊಯ್ಯಲು 10,000. ಹರಾಜಿನ ಶುಲ್ಕ, ವಿಮೆ, ಕಾಗದಪತ್ರ 20,000. ಇವಿಷ್ಟನ್ನೂ ಕಳೆದ ಮೇಲೆ ಶಿಷ್ಯ ಇನ್ನೂ ನಲವತ್ತು ಸಾವಿರ ಕಳೆದ. "ಅದೇನು?" ಎಂದ ಮಗ. "ನಮಗೆ ಕಾಣದೆ ಇರೋದಕ್ಕೆ" ಎಂದ ಶಿಷ್ಯ. ಉಳಿದದ್ದು 1,40,000. ಅದಕ್ಕಿಂತ ಒಂದು ರೂಪಾಯಿ ಮೇಲೆ ಹೋಗಬಾರದೆಂದು ಚೀಟಿಯಲ್ಲಿ ಬರೆದು ನನ್ನ ಜೇಬಿಗಿಟ್ಟೆ.

ಹರಾಜು ಎಂದರೆ ‘ಒಂದು ಸಾರಿ, ಎರಡು ಸಾರಿ’ ಎಂಬ ಕೂಗು, ಸುತ್ತಿಗೆಯ ಸದ್ದು ಇರುತ್ತದೆಂದುಕೊಂಡಿದ್ದೆ. ಏನೂ ಇಲ್ಲ. ಮೂರು ಗಂಟೆಗೆ ಶಿಷ್ಯನ ಮೊಬೈಲಿನ ತೆರೆಯ ಮೇಲೆ ಅಂಕಿಗಳು ಏರತೊಡಗಿದವು. ಎಲ್ಲೆಲ್ಲೋ ಕುಳಿತವರು ಇಪ್ಪತ್ತು ಫೋಟೋ ನೋಡಿ ಬೆಲೆ ಕೂಗುತ್ತಿದ್ದರು. ಫೋಟೋದಲ್ಲಿ ಮುಗ್ಗಲು ವಾಸನೆ ಬರುವುದಿಲ್ಲ. ಬೆಳ್ಳಿ ಕಾರಿನ ಬೆಲೆ ನಮ್ಮ ಕಣ್ಣೆದುರೇ ಎರಡೂಕಾಲು ಲಕ್ಷ ದಾಟಿತು. ನೀಲಿ ಕಾರು 1,38,000ಕ್ಕೆ ಬಂದಾಗ ನನ್ನ ಎದೆ ಹೊಡೆದುಕೊಂಡಿತು. 1,41,000. ಮಗ ನನ್ನ ಮುಖ ನೋಡಿದ. "ಇನ್ನೊಂದೇ ಒಂದು ಸಾವಿರ, ಅಪ್ಪಾ." ಶಿಷ್ಯ ನನ್ನ ಜೇಬಿನ ಕಡೆ ಕೈ ತೋರಿಸಿದ. ನಾವು ಸುಮ್ಮನಾದೆವು. ಕಾರು 1,63,000ಕ್ಕೆ ಯಾರದೋ ಪಾಲಾಯಿತು.

ಮಗನಿಗೆ ನಿರಾಸೆಯಾಯಿತು. ಚಿಂತಾಮಣಿಯ ಬಸ್ಸು ಹತ್ತಿದ ಮೇಲೂ ಬಹಳ ಹೊತ್ತು ಮಾತನಾಡಲಿಲ್ಲ. ನಂದಗುಡಿ ದಾಟಿದ ಮೇಲೆ, "ಆ ಬೆಳ್ಳಿ ಕಾರು ಯಾರು ತಗೊಂಡರೋ, ಅವರು ಅದನ್ನ ಯಾರಿಗೆ ಮಾರ್ತಾರೋ" ಎಂದ. ನನ್ನ ತಲೆಯಲ್ಲಿದ್ದದ್ದೂ ಅದೇ. ನಮ್ಮಂಥದೇ ಒಂದು ಮನೆಯವರು, ಆಸ್ಪತ್ರೆಗೆ ಹೋಗುವ ಒಬ್ಬ ಅಜ್ಜಿ, ಚಾಲನೆ ಕಲಿಯುವ ಒಬ್ಬ ಹುಡುಗ, ಘಮಘಮಿಸುವ ಆ ಸೀಟಿನಲ್ಲಿ ಕುಳಿತಾರು. ಈ ಲೇಖನ ಬರೆಯಲು ಕಾರಣವೂ ಅದೇ.

ಮುಂದಿನ ವರ್ಷ, 2023ರ ಬೇಸಿಗೆಯಲ್ಲಿ, ನಿವೃತ್ತರಾದ ಸಹೋದ್ಯೋಗಿಯೊಬ್ಬರ ಹಳೆಯ ಕಾರನ್ನು ಕೊಂಡೆವು. ಅವರು ಎಷ್ಟೋ ವರ್ಷದ ಪರಿಚಯ. ಆದರೂ ಮಗ ದಾರ ಹಿಡಿದ, ಬೆಲ್ಟು ಕೊನೆಯವರೆಗೂ ಎಳೆದ, ಸ್ಟೆಪ್ನಿ ಎತ್ತಿದ. ಅವರು ನಕ್ಕರು, ಬೇಸರಿಸಲಿಲ್ಲ. ಹಿಂದಿನ ಸೀಟಿನಲ್ಲಿ ತಾಯಿಗೆ ಬೆಲ್ಟು ಹಾಕುವ ಕೆಲಸ ಅವನದೇ. "ಎತ್ತಿಗೆ ಹಗ್ಗ ಹಾಕಿದ ಹಾಗೆ ಹಾಕ್ತೀಯಲ್ಲೋ" ಎಂದು ಅಜ್ಜಿ ಗೊಣಗಿಕೊಂಡೇ ಕೈ ಎತ್ತಿಕೊಡುತ್ತಾರೆ.

ಆ ದಿನ ಹೊಸಕೋಟೆಯಿಂದ ಬರಿಗೈಯಲ್ಲಿ ಬಂದೆವೆಂದು ಹೇಳುವಂತಿಲ್ಲ. ಶಿಷ್ಯ ತನ್ನ ಗ್ಯಾರೇಜಿನ ಮೂಲೆಯಿಂದ ಬಾಗಿದ ಒಂದು ಉಕ್ಕಿನ ದಂಡವನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ. ಮಳೆನೀರಿನಲ್ಲಿ ನಿಂತ ಕಾರಿನ ಎಂಜಿನ್ನಿನದು. ಅದು ಇಂದು ನಮ್ಮ ಶಾಲೆಯ ಪ್ರಯೋಗಾಲಯದಲ್ಲಿದೆ. ಪ್ರತಿ ವರ್ಷ ಅದನ್ನು ಮಕ್ಕಳ ಕೈಗೆ ಕೊಟ್ಟು, ಇದನ್ನು ಬಗ್ಗಿಸಿದ್ದು ಯಾವುದು ಎಂದು ಕೇಳುತ್ತೇನೆ. ಲಾರಿ ಎನ್ನುತ್ತಾರೆ, ಸುತ್ತಿಗೆ ಎನ್ನುತ್ತಾರೆ, ಕ್ರೇನು ಎನ್ನುತ್ತಾರೆ. ನೀರು ಎಂದರೆ ಯಾರೂ ನಂಬುವುದಿಲ್ಲ. ಆಗ ಸಿರಿಂಜುಗಳನ್ನು ಹಂಚುತ್ತೇನೆ.